ಒಂದೂ ತಪ್ಪಿಲ್ಲದ ಇಂಗ್ಲಿಷು

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಇಂಗ್ಲಿಷ್ ಮಾತಾಡಲು ಬರುತ್ತದೆ ಎಂದು ಲೋಕ ನಂಬಿಕೊಂಡಿದೆ. ನಿವೃತ್ತಿಯಾಗುವವರೆಗೂ ಆ ನಂಬಿಕೆಗೆ ಭಂಗ ಬರದಂತೆ ನಾನು ಜಾಗ್ರತೆ ವಹಿಸಿದೆ. ಶಾಲೆಗೆ ಯಾರಾದರೂ ಇಂಗ್ಲಿಷ್ ಮಾತಾಡುವ ಅತಿಥಿಗಳು ಬಂದರೆ ನನಗೆ ಕೂಡಲೇ ಕೆಮ್ಮು ಶುರುವಾಗುತ್ತಿತ್ತು.

ಸುಳ್ಯದ ಹಳ್ಳಿಯೊಂದರ ಆ ಹೈಸ್ಕೂಲಿನಲ್ಲಿ ನನ್ನ ಪಾಠವೆಂದರೆ ಕ್ರಿಯಾಪದ. ನಾನು 'ಐ ವರ್ಕ್' ಎಂದು ಎತ್ತಿಕೊಟ್ಟರೆ ಸಾಕು, ಮಕ್ಕಳು 'ಯು ವರ್ಕ್, ಹಿ ವರ್ಕ್ಸ್' ಎಂದು ರಾಗವಾಗಿ ಹೊರಟು, ವರ್ತಮಾನಕಾಲದ ನಾಲ್ಕೂ ರೂಪಗಳನ್ನು ದಾಟಿ, 'ದೇ ಹ್ಯಾವ್ ಬೀನ್ ವರ್ಕಿಂಗ್' ಎಂಬಲ್ಲಿ ಉಸಿರು ಬಿಡುತ್ತಿದ್ದರು. ನಡುವೆ ನಿಲ್ಲಿಸಿದವರು ಮತ್ತೆ ಮೊದಲಿನಿಂದ ಹೇಳಬೇಕೆಂಬುದು ನನ್ನ ಕಟ್ಟಪ್ಪಣೆ. ಒಮ್ಮೆ ಶಾಲೆಗೆ ಬಂದಿದ್ದ ನನ್ನ ಹೆಂಡತಿ, "ನಿಮ್ಮ ಮಕ್ಕಳ ಕೈಗೆ ತಾಳ ಕೊಟ್ರೆ ಭಜನೆಗೆ ಕರೀಬಹುದು ಮಾರಾಯ್ರೆ" ಎಂದಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಮೊನ್ನೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಹರಿಣಾಕ್ಷಿ ಸಿಕ್ಕಿದಳು. ನನ್ನ ಹಳೆಯ ವಿದ್ಯಾರ್ಥಿನಿ, ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು. ಡಿಗ್ರಿ ಮುಗಿಸಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮಂಗಳೂರಿನ ಹೋಟೆಲೊಂದರಲ್ಲಿ ರಿಸೆಪ್ಶನಿಸ್ಟ್ ಕೆಲಸಕ್ಕೆ ಇಂಟರ್ವ್ಯೂಗೆ ಹೋಗಿದ್ದಳಂತೆ.

"ಈಗ ಎಲ್ಲಿ ವರ್ಕ್ ಮಾಡುದು ಅಂತ ಇಂಗ್ಲಿಷಲ್ಲಿ ಕೇಳಿದ್ರು ಸಾರ್. ವರ್ಕ್ ಅಂತ ಕೇಳಿದ್ದೇ ನನ್ನ ಬಾಯಿ ಶುರುವಾಯ್ತು. ನಡುವಲ್ಲಿ ನಿಲ್ಲಿಸ್ಲಿಕ್ಕೆ ಹೆದರಿಕೆ. ಕೊನೆವರೆಗೆ ಹೇಳಿದೆ. ಒಂದೂ ತಪ್ಪಿಲ್ಲ ಸಾರ್."

"ಅವ್ರು ಎಂತ ಹೇಳಿದ್ರು?"

"ನೀರು ಕುಡೀರಿ ಅಂತ ಹೇಳಿದ್ರು."

ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆದರೆ ಅವಳ ಮುಖದಲ್ಲಿ ನನ್ನ ಮೇಲಿನ ಗೌರವ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ದಿನ ಆ ಮಕ್ಕಳನ್ನು ಕೂರಿಸಿಕೊಂಡು, "ನಿನ್ನ ಮನೆಯಲ್ಲಿ ಯಾರೆಲ್ಲ ಇದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಅವರು ಉತ್ತರ ಹೇಳಿಬಿಟ್ಟರೆ ಮುಂದಿನ ಮಾತು ನಾನು ಆಡಬೇಕಾಗುತ್ತದಲ್ಲ ಎಂಬ ಭಯ.

"ಸೋಮವಾರ ಇನ್ನೊಂದು ಹೋಟೆಲಲ್ಲಿ ಇಂಟರ್ವ್ಯೂ ಉಂಟು ಸಾರ್" ಎಂದಳು ಹರಿಣಾಕ್ಷಿ. "ನೀವು ಸಿಕ್ಕಿದ್ದು ಒಳ್ಳೇದಾಯ್ತು. ಬಸ್ಸು ಬರುವಷ್ಟು ಹೊತ್ತು ನನ್ನ ಹತ್ರ ಇಂಗ್ಲಿಷಲ್ಲಿ ಮಾತಾಡಿ ಸಾರ್. ನಾಲ್ಕು ಮಾತು ಸಾಕು."

ಅವಳು ಬ್ಯಾಗು ಕೆಳಗಿಟ್ಟು, ಕೈಕಟ್ಟಿ ನಿಂತಳು. ನಾನು ಬಾಯಿ ತೆರೆದೆ. ಕೆಮ್ಮು ಕೂಡ ಬರಲಿಲ್ಲ. ಅಷ್ಟರಲ್ಲಿ ಎದುರಿಗೆ ಒಂದು ಬಸ್ಸು ಬಂದು ನಿಂತಿತು. "ನನ್ನ ಬಸ್ಸು ಬಂತು, ಇನ್ನೊಮ್ಮೆ ನೋಡುವ" ಎಂದವನೇ ಹತ್ತಿ ಕುಳಿತುಬಿಟ್ಟೆ.

ಪಾಪ, ಅವಳು ಕಿಟಕಿಯವರೆಗೆ ಓಡಿ ಬಂದಳು. "ಸಾರ್, ಇದು ಕಡಬಕ್ಕೆ ಹೋಗುದು! ನಿಮ್ಮ ಮನೆ ಈಶ್ವರಮಂಗಲ ಅಲ್ವಾ?"

"ಕಡಬದಲ್ಲಿ ಸ್ವಲ್ಪ ಕೆಲಸ ಉಂಟು" ಎಂದು ಅಚ್ಚಗನ್ನಡದಲ್ಲಿ ಸುಳ್ಳು ಹೇಳಿ, ಅವಳು ನೋಡುತ್ತಿದ್ದಂತೆಯೇ ಕಡಬಕ್ಕೆ ಟಿಕೆಟ್ ತೆಗೆದುಕೊಂಡೆ.