ಅತ್ತೆಯ ಟೇಪು, ಸೊಸೆಯ ಪರದೆ

ಎಲ್ಲದಕ್ಕೂ ಮೂಲ ಒಂದು ದೀಪದ ಕಂಬ. ನಿಜವಾದ ಕಂಬವಲ್ಲ, ಲ್ಯಾಪ್‌ಟಾಪಿನ ಆಟದೊಳಗಿನದು. ಭಾನುವಾರ ಬೆಳಿಗ್ಗೆ ಮನೆಯವರು ಏಳುವ ಮೊದಲೇ ಸೊಸೆ ಕದ್ದು ಒಂದು ಸುತ್ತು ಲಾರಿ ಓಡಿಸಿದಳು. ಬೆಟ್ಟದ ಕೊನೆಯ ತಿರುವಿನಲ್ಲಿ ಲಾರಿ ಎಂದಿನಂತೆ ಹೋಗಿ ಅದೇ ಕಂಬಕ್ಕೆ ಮುತ್ತಿಟ್ಟು ನಿಂತಿತು. ಆ ಪುಟ್ಟ ಪರದೆಯಲ್ಲಿ ಕಂಬ ಯಾವುದು, ರಸ್ತೆ ಯಾವುದು? ಬೀಗದ ಕಿಂಡಿಗೆ ಕಣ್ಣಿಟ್ಟು ಲಾರಿ ಓಡಿಸಿದ ಹಾಗೆ. ಆಟವನ್ನು ಅಲ್ಲಿಗೇ ನಿಲ್ಲಿಸಿ, ಲ್ಯಾಪ್‌ಟಾಪ್ ಮಡಚಿ, ಅಡುಗೆಮನೆಗೆ ಬಂದು ಗಂಡನಿಗೆ ಹೇಳಿದಳು.

"ರೀ, ಕೆಲಸಕ್ಕೆ ಒಂದು ದೊಡ್ಡ ಮಾನಿಟರ್ ಬೇಕು."

ಅದು ಪೂರ್ತಿ ಸುಳ್ಳೇನಲ್ಲ. ಮನೆಯಲ್ಲೇ ಕೂತು ಪುಸ್ತಕಗಳಿಗೆ ಪುಟ ಜೋಡಿಸಿಕೊಡುವವಳು ಅವಳು. ಎರಡು ಪುಟ ಅಕ್ಕಪಕ್ಕ ಕಂಡರೆ ಕೆಲಸ ಹಗುರ. ಆದರೆ ಮನಸ್ಸಿನಲ್ಲಿದ್ದದ್ದು ಮಧ್ಯಾಹ್ನದ ಆ ಒಂದು ಗಂಟೆ. ಗಂಡ ಆಫೀಸಿನಲ್ಲಿ, ಅತ್ತೆ ನಡುಮನೆಯ ಮಂಚದ ಮೇಲೆ ನಿದ್ದೆಯಲ್ಲಿ. ಒಳಕೋಣೆಯಲ್ಲಿ ಬೀರುವಿಗೂ ಗೋಡೆಗೂ ನಡುವೆ ಒಂದು ಸಂದು, ಅದರಲ್ಲಿ ಅವಳ ಮೇಜು. ಬಾಗಿಲಿಗೆ ಬೆನ್ನು ಹಾಕಿ ಕೂತಳೆಂದರೆ ಬೆಟ್ಟದ ದಾರಿ ಅವಳದೇ. ಲಾರಿಗೆ ಸರಕು ಕೂಡ ಹೇರುತ್ತಿರಲಿಲ್ಲ. ಆ ರಸ್ತೆಯಲ್ಲಿ ಟವೆಲ್ ಎಲ್ಲಿ ಎಂದು ಕೇಳುವವರಿಲ್ಲ, ಪಲ್ಯಕ್ಕೆ ಉಪ್ಪು ಕಮ್ಮಿ ಎನ್ನುವವರಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಚ್ಚಿಟ್ಟುಕೊಂಡದ್ದು ಅದೊಂದನ್ನೇ.

ಗಂಡ ರಾಗ ಎಳೆಯುವ ಮೊದಲೇ ಅತ್ತೆ ಸೊಸೆಯ ಪಕ್ಷ ಹಿಡಿದುಬಿಟ್ಟರು. "ತಗೊಳ್ಳಲಿ ಬಿಡೋ. ದುಡಿಯೋಳಿಗೆ ಕಣ್ಣು ಮುಖ್ಯ."

ಸೊಸೆಗೆ ಆಶ್ಚರ್ಯವಾಯಿತು. ಕಣ್ಣಿನ ವಿಷಯದಲ್ಲಿ ಅತ್ತೆಗೆ ಈಚೆಗೆ ಕರುಣೆ ಜಾಸ್ತಿಯಾಗಿತ್ತು. ದೂರದ್ದು ಸರಿಯಾಗಿ ಕಾಣುತ್ತಿಲ್ಲವೆಂದು ಒಂದು ತಿಂಗಳಿಂದ ಗೊಣಗುತ್ತಿದ್ದರು. ನಿಮ್ಮ ಕಣ್ಣು ಹದ್ದಿನ ಕಣ್ಣು ಎಂದ ವೈದ್ಯರನ್ನೇ ಅವರು ನಂಬಿರಲಿಲ್ಲ.

ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ಮಿಷನ್ ಮಾರಿದ ಮೇಲೂ ಟೇಪು ಕೊರಳು ಬಿಟ್ಟಿರಲಿಲ್ಲ. ಒಳಕೋಣೆಗೆ ಹೋಗಿ ಸಂದನ್ನು ತಾವೇ ಅಳೆದು ಬಂದು ಘೋಷಿಸಿದರು. "ಮೂವತ್ತೆರಡು ಇಂಚಿದೆ. ದೊಡ್ಡದೇ ಹಿಡಿಯುತ್ತೆ." ಆ ಮನೆಯಲ್ಲಿ ದೇವರನ್ನು ಅನುಮಾನಿಸಬಹುದಿತ್ತು, ಅತ್ತೆಯ ಟೇಪನ್ನಲ್ಲ.

ಡಬ್ಬ ತರಲು ಕಾರು ಬೇಕಲ್ಲ, ಕೆಳಗಿನ ಮನೆಯ ಬ್ರೇಕ್ ಮಾಮನನ್ನು ಕರೆದರು. ಡ್ರೈವಿಂಗ್ ಶಾಲೆಯಲ್ಲಿ ಕಲಿಸಿ ನಿವೃತ್ತನಾದ ಮನುಷ್ಯ. ಪಕ್ಕದ ಸೀಟಿನಲ್ಲಿ ಕೂತು ಕೂತು, ಈಗ ಸೋಫಾದ ಮೇಲೆ ಕೂತರೂ ಅವನ ಬಲಗಾಲು ಆಗಾಗ ನೆಲವನ್ನು ಒತ್ತುತ್ತಿತ್ತು. ನಾಲ್ವರೂ ಅವತ್ತೇ ಮದುವೆ ದಿಬ್ಬಣದಂತೆ ಹೊರಟರು.

ಅಂಗಡಿಯಲ್ಲಿ ಗೋಡೆ ತುಂಬ ಪರದೆಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಅಂಗಡಿಯವನು ರೆಸಲ್ಯೂಶನ್ ಅಂದ, ಸೆಕೆಂಡಿಗೆ ಎಷ್ಟು ಚಿತ್ರ ಅಂದ. ಗಂಡ ಎಲ್ಲ ತಿಳಿದವನಂತೆ ತಲೆಯಾಡಿಸಿದ. ಸೊಸೆ ಮೊದಲೇ ವಾರಗಟ್ಟಲೆ ಗುಟ್ಟಾಗಿ ಓದಿಕೊಂಡಿದ್ದಳು, ನೇರವಾಗಿ ಹೋಗಿ ಮೂವತ್ತೆರಡು ಇಂಚಿನದೊಂದರ ಮುಂದೆ ನಿಂತಳು. ಗೇಮ್‌ಗೂ ಚೆನ್ನಾಗಿದೆ ಮೇಡಂ, ಎಂದ ಅಂಗಡಿಯವನು. ಗೇಮ್ ಯಾರಿಗೆ ಬೇಕು, ಎಂದು ಅವಳು ಮುಖ ಸಿಂಡರಿಸಿದಳು.

ಅಷ್ಟರಲ್ಲಿ ಅತ್ತೆ ಟೇಪು ಬಿಚ್ಚಿ ಪರದೆಯನ್ನು ಅಡ್ಡಕ್ಕೆ ಅಳೆದಾಗಿತ್ತು.

"ಇಪ್ಪತ್ತೆಂಟೇ ಇದೆ. ಮಿಕ್ಕ ನಾಲ್ಕಿಂಚು ಎಲ್ಲಪ್ಪ?"

ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುವುದು ಪದ್ಧತಿ ಎಂದು ಅಂಗಡಿಯವನು ವಿವರಿಸಿದ.

"ಅಂಗಿ ಬಟ್ಟೆನೂ ಹಾಗೇ ಮೂಲೆಯಿಂದ ಮೂಲೆಗೆ ಅಳೆದುಕೊಟ್ಟಿದ್ರೆ ನಾನು ಇಷ್ಟೊತ್ತಿಗೆ ಬಂಗಲೆ ಕಟ್ಟಿಸ್ತಿದ್ದೆ," ಎಂದರು ಅತ್ತೆ. ಪಕ್ಕದಲ್ಲಿ ಫ್ರಿಜ್ ನೋಡುತ್ತಿದ್ದ ದಂಪತಿ ಈ ಕಡೆ ತಿರುಗಿದರು. ಅವರ ಫ್ರಿಜ್‌ಗೂ ಟೇಪು ಬೀಳುವ ಲಕ್ಷಣ ಕಂಡು ಅಂಗಡಿಯವನು ಓಡಿಹೋಗಿ, ಬಿಲ್ಲಿನಂತೆ ಬಾಗಿದ ಒಂದು ಅಗಲದ ಪರದೆ ತಂದಿಟ್ಟ. ಅತ್ತೆ ಅಳೆದರು. ಮೂವತ್ತೆರಡಕ್ಕೆ ಅರ್ಧ ಇಂಚಷ್ಟೇ ಕಮ್ಮಿ. ಇದು ನ್ಯಾಯ, ಎಂದರು.

ಸೊಸೆ ಬೇಡವೆನ್ನಬೇಕೆಂದುಕೊಂಡಳು. ಆ ಬಾಗಿದ ಪರದೆಯಲ್ಲಿ ಬೆಟ್ಟದ ದಾರಿ ಎಷ್ಟು ಉದ್ದಕ್ಕೆ ಕಾಣಬಹುದೆಂಬ ಯೋಚನೆ ಬಂತು, ಬಾಯಿ ಮುಚ್ಚಿಕೊಂಡಳು.

ಮನೆಗೆ ಬಂದದ್ದೇ ತಡ, ಬ್ರೇಕ್ ಮಾಮ ಹಸಿದ ಕರಡಿಯಂತೆ ಡಬ್ಬದ ಮೇಲೆ ಬಿದ್ದ. ರಟ್ಟು ಒಂದು ಕಡೆ, ಥರ್ಮೊಕೋಲ್ ಇನ್ನೊಂದು ಕಡೆ. ಗಂಡನೂ ಅವನೂ ಪರದೆ ಹೊತ್ತು ಒಳಕೋಣೆಗೆ ಹೋದರು. ಒಂದು ತುದಿ ಸಂದಿಗೆ ಹೋದರೆ ಇನ್ನೊಂದು ತುದಿ ಬೀರುವಿಗೆ ಬಡಿಯಿತು. ಓರೆ ಮಾಡಿದರು, ಮೇಲೆತ್ತಿದರು. ಬೀರು ಸರಿಸೋಣವೆಂದರೆ ಆ ಕಡೆ ಕಿಟಕಿ. ಗಂಡ ಹೊರಗೆ ಬಂದು ಬೆವರು ಒರೆಸಿಕೊಂಡ. "ಏನಮ್ಮಾ, ಅಳತೆ ತಪ್ಪಿತಾ?"

"ವಯಸ್ಸಾಯ್ತಲ್ಲಪ್ಪ," ಎಂದರು ಅತ್ತೆ, ಹಿಂದೆಂದೂ ಇಲ್ಲದ ವಿನಯದಿಂದ.

ವಾಪಸು ಕೊಡೋಣವೆಂದರೆ ಡಬ್ಬ ಚಿಂದಿಯಾಗಿತ್ತು. ಕೊನೆಗೆ ಪರದೆ ನಡುಮನೆಯಲ್ಲಿ, ಅತ್ತೆಯ ಮಂಚಕ್ಕೆ ಎದುರಾಗಿದ್ದ ಉದ್ದ ಮೇಜಿನ ಮೇಲೆ ಕೂತಿತು. ಬೇಡ, ನಾಳೆ ನೋಡೋಣ, ಎನ್ನುತ್ತ ಸೊಸೆ ಓಡಿಬರುವಷ್ಟರಲ್ಲಿ ಗಂಡ ಲ್ಯಾಪ್‌ಟಾಪ್ ತೆರೆದು ವೈರು ಚುಚ್ಚಿಯಾಗಿತ್ತು.

ಪರದೆ ಬೆಳಗಿತು. ಪುಟಗಳಿಲ್ಲ. ಬೆಟ್ಟ, ತಿರುವು, ಕಂಬಕ್ಕೆ ಮೂತಿ ಒತ್ತಿ ನಿಂತ ಲಾರಿ. ಎಲ್ಲವೂ ಎತ್ತಿನ ಗಾಡಿಯಷ್ಟು ದೊಡ್ಡದಾಗಿ.

ಸೊಸೆಯ ಕಿವಿ ಬಿಸಿಯಾಯಿತು. ಮೊದಲು ಸದ್ದು ಮಾಡಿದ್ದು ಬ್ರೇಕ್ ಮಾಮನ ಬಲಗಾಲು.

"ಈ ತಿರುವಿಗೆ ಯಾವ ಗೇರಲ್ಲಿ ಬಂದೆಯಮ್ಮಾ?" ಎಂದು ಅವನು ಕುರ್ಚಿ ಎಳೆದುಕೊಂಡ. ಗಂಡನೂ ಒಂದು ಎಳೆದುಕೊಂಡ. ಅವನಿಗೂ ಒಂದು ಸಲ ಓಡಿಸಬೇಕಂತೆ.

ಬೇರೆ ದಾರಿ ಕಾಣದೆ ಸೊಸೆ ಕೂತು ಲಾರಿಯನ್ನು ಹಿಂದಕ್ಕೆ ತೆಗೆದಳು, ತಿರುವಿಗೆ ಮತ್ತೆ ಮುಖ ಮಾಡಿದಳು. ಅಷ್ಟರಲ್ಲಿ ಮೂರನೇ ಕುರ್ಚಿ ಅವಳ ಹೆಗಲಿಗೇ ಬಂತು.

"ಬಲಕ್ಕೆ ಎಳ್ಕೊ, ಇನ್ನೂ ಬಲಕ್ಕೆ. ದಿನಾ ಇಲ್ಲೇ ಗುದ್ದೋದು ನೀನು," ಎಂದರು ಅತ್ತೆ.

ಲಾರಿ ಕಂಬವನ್ನು ಒಂದು ಕೂದಲೆಳೆಯಲ್ಲಿ ದಾಟಿತು. ಸೊಸೆ ನಿಧಾನವಾಗಿ ತಿರುಗಿದಳು.

"ದಿನಾನಾ? ನೀವು ಮಲಗಿರ್ತೀರಲ್ಲ ಅತ್ತೆ."

"ನೀನು ಆ ಬೆಟ್ಟ ಹತ್ತೋವಾಗ ಯಾರಿಗೆ ನಿದ್ದೆ ಬರುತ್ತೆ? ಅಷ್ಟು ದೂರದಿಂದ, ನಿನ್ನ ಹೆಗಲ ಮೇಲಿಂದ, ಆ ಅಂಗೈ ಅಗಲದ್ದನ್ನ ನೋಡಿ ನೋಡಿ ನನ್ನ ಕಣ್ಣೇ ಹೋಯ್ತು."

"ಮತ್ತೆ ಆ ಸಂದು, ಮೂವತ್ತೆರಡು ಇಂಚು?"

ಅತ್ತೆ ಟೇಪನ್ನು ನೀಟಾಗಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

"ಮೂವತ್ತೇ ಇರೋದು. ನನ್ನ ಅಳತೆ ಯಾವತ್ತು ತಪ್ಪಿದೆ? ಮುಂದೆ ನೋಡಿ ಓಡಿಸು, ಎದುರಿಗೆ ಸೇತುವೆ ಬಂತು."

ಸೊಸೆ ಮುಂದೆ ನೋಡಿದಳು. ಮೊದಲ ಸಲ ಕಂಬದ ಆಚೆಗಿನ ಲೋಕ, ಹಸಿರು ಕಣಿವೆ, ಅದರಾಚೆ ಒಂದು ಊರು, ಕಣ್ಣು ಹರಿದಷ್ಟೂ ರಸ್ತೆ. ಸಿಟ್ಟು ಬರಬೇಕಾಗಿತ್ತು, ಹುಡುಕಿದರೂ ಸಿಗಲಿಲ್ಲ. ಇಂಡಿಕೇಟರ್ ಹಾಕಲಿಲ್ಲ ಎಂದು ಮಾಮ ಗದರಿದ. ಟವೆಲ್ ಎಲ್ಲಿ ಎಂದು ಗಂಡ ಕೇಳಿದ. ನಾಳೆ ಊಟ ಬೇಗ ಮುಗಿಸೋಣ, ನನಗೆ ಆ ಊರು ನೋಡಬೇಕು, ಎಂದರು ಅತ್ತೆ.

ಲಾರಿಯ ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಒಂದು ನರಪಿಳ್ಳೆಯೂ ಇರಲಿಲ್ಲ. ಕನ್ನಡಿಗೆ ಕಾಣದ ಕುರ್ಚಿಗಳು ಮಾತ್ರ ಮೂರು.