ನಿದ್ದೆಗೆಟ್ಟ ಪ್ರೋಗ್ರಾಮು

ಇಷ್ಟಕ್ಕೆಲ್ಲ ಕಾರಣ ಒಂದು ಕೆಂಪು ಗೆರೆ. ಔಷಧಿ ಕಾರ್ಖಾನೆಯಲ್ಲಿ ಮಕ್ಕಳ ಕೆಮ್ಮಿನ ಸಿರಪ್ಪು ತುಂಬುವ ಬೆಲ್ಟಿನ ಪಕ್ಕ ಒಂದು ಕಂಪ್ಯೂಟರ್ ಇತ್ತು. ಅದು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ನಾಲ್ಕು ಗೆರೆಗಳಲ್ಲಿ ಮೂರು ಹಸಿರಾಗಿ ತಳದಲ್ಲಿ ಮಲಗಿದ್ದವು. ನಾಲ್ಕನೆಯದು ಮಾತ್ರ ಕೆಂಪಗೆ ನೆತ್ತಿಗೇರಿ ಕೂತಿತ್ತು. ಎರಡು ತಿಂಗಳಿಂದಲೂ ಹಾಗೇ ಇತ್ತು. ಎಲೆಕ್ಟ್ರಿಷಿಯನ್ ಮಾವನ ಕಣ್ಣಿಗೆ ಬಿದ್ದದ್ದು ಆ ದಿನ ಬೆಳಿಗ್ಗೆ.

ಮಾವ ಎಂದರೆ ಇಡೀ ಕಾರ್ಖಾನೆಗೆ ಮಾವ. ಮುಟ್ಟಿ ನೋಡದೆ ಯಾವುದನ್ನೂ ನಂಬುವವರಲ್ಲ. ಕಂಪ್ಯೂಟರಿನ ಬೆನ್ನಿಗೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರಂತೆ ಮುಖ ಸಣ್ಣ ಮಾಡಿಕೊಂಡು, ನೇರ ಮ್ಯಾನೇಜರರ ಕೋಣೆಗೆ ಹೋದರು. ಹತ್ತು ನಿಮಿಷದಲ್ಲಿ ಪ್ರೋಗ್ರಾಮರಿಗೆ ಕರೆ ಬಂತು.

ಪ್ರೋಗ್ರಾಮರಿಗೆ ನಲವತ್ತೆರಡು ವರ್ಷ. ಹಳೆಯ ಕಂಪನಿ ಮುಚ್ಚಿದ ಮೇಲೆ ಒಂದು ವರ್ಷ ಮನೆಯಲ್ಲಿ ಕೂತು, ಮಗಳ ಜಡೆ ಹಾಕುವುದನ್ನು ಕಲಿತು, ಆಮೇಲೆ ಇಲ್ಲಿಗೆ ಬಂದವರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡುವ ಪತ್ರ ಅಂದೇ ಸಹಿಗೆ ಬಂದು ಮ್ಯಾನೇಜರರ ಮೇಜಿನ ಮೇಲಿತ್ತು.

ಅವರು ನಿಂತೇ ವಿವರಿಸಿದರು. ಪ್ರೋಗ್ರಾಮಿನಲ್ಲಿ ಇಬ್ಬರು ಕೆಲಸಗಾರರಿದ್ದ ಹಾಗೆ ಎರಡು ಥ್ರೆಡ್‌ಗಳಿವೆ. ಒಂದು, ಕ್ಯಾಮೆರಾ ತೆಗೆದ ಚಿತ್ರ ನೋಡಿ ಬಾಟಲಿ ಸೀಳಿದೆಯೋ ಇಲ್ಲವೋ ಹೇಳುತ್ತದೆ. ಇನ್ನೊಂದು, ಸೀಳಿದ ಬಾಟಲಿಯನ್ನು ಕಬ್ಬಿಣದ ತೋಳಿನಿಂದ ಪಕ್ಕದ ತೊಟ್ಟಿಗೆ ತಳ್ಳಿಸುತ್ತದೆ. ಈ ಎರಡನೆಯದು ನಿದ್ದೆ ಮಾಡದೆ, ತೀರ್ಪು ಬಂತಾ, ಬಂತಾ ಎಂದು ಕೇಳುತ್ತಲೇ ಇರುತ್ತದೆ. ಕೆಂಪು ಗೆರೆ ಅದರದ್ದೇ.

"ನಮ್ಮ ಮೊಮ್ಮಗಳೂ ಬಸ್ಸಲ್ಲಿ ಹೀಗೇ," ಎಂದರು ಮಾವ. "ಊರು ಬಂತಾ, ಬಂತಾ ಅಂತ ಪ್ರಾಣ ತಿಂತಾಳೆ. ಮಲಗಿಸಿಬಿಟ್ರೆ ಎಲ್ರಿಗೂ ನೆಮ್ಮದಿ. ಬಂದಾಗ ಎಬ್ಬಿಸಿದ್ರಾಯ್ತು."

"ದೂರದ ಊರಾದ್ರೆ ಮಲಗಿಸಬೇಕು ಮಾವ, ನಿಜ. ಇಲ್ಲಿ ಊರು ಮುಂದಿನ ತಿರುವಲ್ಲೇ ಇದೆ. ಎಬ್ಬಿಸಿ, ಅದು ಕಣ್ಣುಜ್ಜಿಕೊಳ್ಳೋ ಹೊತ್ತಿಗೆ ಬಸ್ಸು ಮುಂದೆ ಹೋಗಿರತ್ತೆ."

ಮ್ಯಾನೇಜರರು ಶಾಂತ ಸ್ವಭಾವದವರು. ಮಷೀನು ಸುಟ್ಟುಹೋದರೆ ಯಾರು ಹೊಣೆ ಎಂದಷ್ಟೇ ಕೇಳಿದರು. ಕೇಳುವಾಗ ಅವರ ಮೊಣಕೈ ಆ ಪತ್ರದ ಮೇಲಿತ್ತು. ಪ್ರೋಗ್ರಾಮರು ಪತ್ರ ನೋಡಿದರು, ಮೊಣಕೈ ನೋಡಿದರು, ಮಲಗಿಸುತ್ತೇನೆ ಸರ್ ಎಂದರು.

ಬದಲಾಯಿಸಿದ್ದು ನಾಲ್ಕೇ ಸಾಲು. ಇನ್ನೂರು ಬಾಟಲಿ ಓಡಿಸಿ ಪರೀಕ್ಷಿಸಿದಾಗ ಒಂದೂ ತಪ್ಪಲಿಲ್ಲ. ಕೆಂಪು ಗೆರೆ ತಣ್ಣಗೆ ಇಳಿದು ಉಳಿದ ಮೂರರ ಪಕ್ಕ ಮಲಗಿತು. ಮಾವ ಮತ್ತೊಮ್ಮೆ ಅಂಗೈ ಇಟ್ಟು ನೋಡಿ, ಜ್ವರ ಬಿಟ್ಟಿತೆಂದು ಎಲ್ಲರಿಗೂ ಹೇಳಿಕೊಂಡು ಬಂದರು. ಬೆಳಗಿನ ಹೊತ್ತು ಬೆಲ್ಟು ಅರ್ಧ ವೇಗದಲ್ಲಿ ಓಡುತ್ತದೆ ಎಂಬುದು ಪ್ರೋಗ್ರಾಮರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ.

ಊಟದ ನಂತರ ಬೆಲ್ಟು ಪೂರ್ತಿ ವೇಗಕ್ಕೆ ಏರಿತು. ಮೂರು ಗಂಟೆಯ ಸುಮಾರಿಗೆ ಪ್ಯಾಕಿಂಗ್ ಮೇಜಿನ ಅಕ್ಕ ಪ್ರೋಗ್ರಾಮರ ಮುಂದೆ ಬಂದು ನಿಂತರು. ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಒಸರಿತ್ತು. ಇನ್ನೊಂದು ಕೈಯಲ್ಲಿ ಕತ್ತಿನ ಬಳಿ ಸೀಳಿದ ಬಾಟಲಿ.

"ಇದು ಡಬ್ಬಿಗೆ ಹೋಗ್ತಿತ್ತು ಕಣಪ್ಪ," ಎಂದರು ಅಕ್ಕ. ದನಿ ಏರಲಿಲ್ಲ. "ನನ್ನ ಬೆರಳು ಬಿಡು, ವಾಸಿಯಾಗತ್ತೆ. ಗಾಜಿನ ಚೂರು ಮಗು ಬಾಯಿಗೆ ಹೋಗಿದ್ರೆ?"

ಪ್ರೋಗ್ರಾಮರು ಓಡಿಹೋಗಿ ಕೆಂಪು ಗುಂಡಿ ಒತ್ತಿದರು. ಬೆಲ್ಟು ನಿಂತಿತು. ತೊಟ್ಟಿಯಲ್ಲಿ ಇಣುಕಿದರೆ ಬಹುಪಾಲು ಹೊಸ ಮದುಮಕ್ಕಳಂತೆ ಹೊಳೆಯುವ ಒಳ್ಳೆಯ ಬಾಟಲಿಗಳು. ನಿದ್ದೆಯಿಂದೆದ್ದ ತೋಳು ತಡವಾಗಿ ಚಾಚಿ, ಕಳ್ಳನನ್ನು ಬಿಟ್ಟು ಅವನ ಹಿಂದೆ ಬರುತ್ತಿದ್ದ ದಾರಿಹೋಕನನ್ನು ಹಿಡಿದಿತ್ತು.

ಒಂದು ಡಬ್ಬಿಯೂ ಗೇಟು ದಾಟಿರಲಿಲ್ಲ, ಪುಣ್ಯ. ಮಧ್ಯಾಹ್ನದಿಂದ ತುಂಬಿದ್ದನ್ನೆಲ್ಲ ಬಿಚ್ಚಿ, ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಬೇಕಾಯಿತು. ಮಾವನೂ ಕನ್ನಡಕ ಹಾಕಿಕೊಂಡು ಕೂತರು. ಸೀಳಿದ್ದು ಹದಿನೇಳು ಸಿಕ್ಕವು. ಹದಿನೇಳನೆಯದನ್ನು ಎತ್ತಿಟ್ಟು ಪ್ರೋಗ್ರಾಮರು ಎದ್ದು ಮ್ಯಾನೇಜರರ ಕೋಣೆಗೆ ಹೋದರು.

"ಹೀಗಾಗತ್ತೆ ಅಂತ ನನಗೆ ಗೊತ್ತಿತ್ತು ಸರ್. ಹೆದರಿ ಸುಮ್ಮನಾದೆ."

ಮ್ಯಾನೇಜರರು, ತಾನೂ ಕಿವಿಗೊಡಲಿಲ್ಲ, ತಪ್ಪು ಇಬ್ಬರದೂ ಎಂದರು. ಹಳೆಯ ನಾಲ್ಕು ಸಾಲು ಈಗಲೇ ವಾಪಸ್ಸು ಹಾಕಿ ಎಂದರು. ಪತ್ರಕ್ಕೆ ಅಲ್ಲೇ ಸಹಿ ಮಾಡಿ ಕೈಗಿಟ್ಟರು. ಪ್ರೋಗ್ರಾಮರು ಹೋಗಿ ಹಳೆಯ ಸಾಲುಗಳನ್ನು ವಾಪಸ್ಸು ಹಾಕಿದರು. ಕೆಂಪು ಗೆರೆ ಮತ್ತೆ ನೆತ್ತಿಗೇರಿದ್ದನ್ನು ನೋಡಿದ ಮೇಲೆಯೇ ಅವರು ಅಕ್ಕನ ಹತ್ತಿರ ಹೋಗಿ ಕ್ಷಮೆ ಕೇಳಿದರು. ಅಕ್ಕ, ಹೋಗ್ಲಿ ಬಿಡು ಎಂದರು.

ಸಂಜೆ ಮನೆಗೆ ಹೊರಟಾಗ ನೋಟೀಸ್ ಬೋರ್ಡಿನ ಮುಂದೆ ಜನ ನಿಂತಿದ್ದರು. ಮಾವ ಗಟ್ಟಿಯಾಗಿ ಓದುತ್ತಿದ್ದರು: ಇಂದಿನ ಘಟನೆಯನ್ನು ಗಂಭೀರವಾಗಿ ಪರಿಗಣಿಸಿ, ಇನ್ನು ಮುಂದೆ ಈ ಕಾರ್ಖಾನೆಯ ಯಾವ ಪ್ರೋಗ್ರಾಮೂ ಕೆಲಸದ ವೇಳೆ ನಿದ್ದೆ ಮಾಡತಕ್ಕದ್ದಲ್ಲ. ನಾಳೆ ಬೆಳಿಗ್ಗೆಯೊಳಗೆ ಎಲ್ಲವನ್ನೂ ಎಚ್ಚರಿಸುವ ಹೊಣೆ ಪ್ರೋಗ್ರಾಮರದು.

ಆ ಒಂದೇ ಕಂಪ್ಯೂಟರಿನಲ್ಲಿ ಒಟ್ಟು ಇಪ್ಪತ್ತಮೂರು ಪ್ರೋಗ್ರಾಮುಗಳಿದ್ದವು. ಅವುಗಳಲ್ಲಿ ಒಂದು, ಗೋದಾಮಿನ ಬಾಗಿಲು ತೆಗೆಯಲು ದಿನಕ್ಕೆ ಎರಡು ಸಲ ಏಳುತ್ತಿತ್ತು. ಇನ್ನೊಂದು, ನೀರಿನ ಟ್ಯಾಂಕು ತೊಳೆಯುವ ದಿನವನ್ನು ನೆನಪಿಸಲು ತಿಂಗಳಿಗೊಮ್ಮೆ. ಎಲ್ಲವೂ ಒಟ್ಟಿಗೆ ಎದ್ದು ಕೂತು ಬಂತಾ, ಬಂತಾ ಎಂದು ಶುರುವಿಟ್ಟರೆ ಬಾಟಲಿ ನೋಡುವುದಕ್ಕೇ ಕಂಪ್ಯೂಟರಿಗೆ ಪುರಸೊತ್ತು ಉಳಿಯುವುದಿಲ್ಲ.

ಪ್ರೋಗ್ರಾಮರು ಮೆಟ್ಟಿಲು ಹತ್ತಿ, ಬೀಗ ಹಾಕುತ್ತಿದ್ದ ಮ್ಯಾನೇಜರರನ್ನು ಹಿಡಿದು, ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಮ್ಯಾನೇಜರರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತುಂಬ ವಿಶ್ವಾಸದಿಂದ ಅವರ ಭುಜದ ಮೇಲೆ ಕೈ ಇಟ್ಟರು.

"ಬೆಳಿಗ್ಗೆ ನಿಮ್ಮ ಮಾತು ಕೇಳದೆ ಕೆಟ್ಟೆ. ಈ ಸಲ ನಿಮ್ಮ ಮಾತೇ ಕೇಳಿ, ಬರೆದು, ಸೀಲು ಹಾಕಿ, ಹೆಡ್ಡಾಫೀಸಿಗೂ ಕಳಿಸಿ ಆಯ್ತು. ಈಗ ಬೇಡ ಅಂದ್ರೆ ಹೇಗೆ ಹೇಳಿ?"