ಕೊಡದೇ ಉಳಿದ ಪಾಸು

ನಾವುಂದದಿಂದ ಬಸ್ರೂರಿನ ತನಕ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ಇಬ್ಬರು ಎಲ್ಲಾದರೂ ಎದುರಾದರೆ ಮೂರನೆಯವನು ಬಂದು ಬಿಡಿಸಬೇಕಾಗುತ್ತದೆ. ನಾಲ್ಕನೆಯವನು ಬಂದರೆ ಆ ಮೂರನೆಯವನನ್ನೂ ಬಿಡಿಸಬೇಕಾಗುತ್ತದೆ. ಜಗಳ ಒಂದೇ: ನಮ್ಮ ಕ್ಲಬ್ಬು ಕಂಡ ಅತಿ ದೊಡ್ಡ ಮಿಡ್‌ಫೀಲ್ಡರ್ ಯಾರು?

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಲಾರಿಯಲ್ಲಿ ಕ್ಲೀನರ್ ಆದೆ, ಮುಂಬೈ ಕ್ಯಾಂಟೀನಿನಲ್ಲಿ ದೋಸೆ ಹೊಯ್ದೆ, ಕೊಲ್ಲೂರಿನ ಲಾಡ್ಜಿನಲ್ಲಿ ಚಾದರ ಮಡಚಿದೆ, ಈಗ ಗೂಡ್ಸ್ ರಿಕ್ಷಾ ಓಡಿಸುತ್ತೇನೆ. ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಊರು ಬಿಟ್ಟು ತಿರುಗಿ ಬರುವಷ್ಟರಲ್ಲಿ ಬಸ್‌ಸ್ಟ್ಯಾಂಡ್ ಬದಲಾಗಿರುತ್ತದೆ, ರಸ್ತೆ ಅಗಲವಾಗಿರುತ್ತದೆ. ಈ ಜಗಳ ಮಾತ್ರ ನಾನು ಬಿಟ್ಟು ಹೋದ ಜಾಗದಲ್ಲೇ ಕೂತಿರುತ್ತದೆ.

ಕಣದಲ್ಲಿ ಇಬ್ಬರು. ಒಬ್ಬ ದೋಣಿಯಣ್ಣ. ಮಳೆಗಾಲಕ್ಕೆ ದೋಣಿಯನ್ನು ಮರಳಿನ ಮೇಲೆ ಎಳೆದಿಟ್ಟು ಮೈದಾನಕ್ಕೆ ಇಳಿಯುತ್ತಿದ್ದವ. ಇನ್ನೊಬ್ಬ ಹೋಟೆಲಣ್ಣ. ಆಗ ಮುಂಬೈಯಲ್ಲಿದ್ದು, ಪಂದ್ಯ ಶುರುವಾಗುವ ಹೊತ್ತಿಗೆ ಅಜ್ಜ, ಅಜ್ಜಿ, ಚಿಕ್ಕಪ್ಪ ಎಂದು ಒಬ್ಬೊಬ್ಬರನ್ನೇ ಸಾಯಿಸಿ ರಜೆ ತಕ್ಕೊಂಡು ಬರುತ್ತಿದ್ದವ. ಇಬ್ಬರೂ ಪ್ರಾಕ್ಟೀಸಿಗೆ ಬರುತ್ತಿದ್ದದ್ದು ಒಂದೇ ಸೈಕಲ್ಲಿನಲ್ಲಿ. ಒಂದು ಮಳೆಗಾಲ, ಕುಂದಾಪುರದಲ್ಲಿ ನಡೆದ ಫೈನಲ್‌ನಲ್ಲಿ, ಹೋಟೆಲಣ್ಣ ಬಲಗಡೆ ಒಬ್ಬನೇ ನಿಂತು ಚೆಂಡು ಕೇಳಿದ. ದೋಣಿಯಣ್ಣ ಕೊಡಲಿಲ್ಲ, ತಾನೇ ಹೊಡೆದ. ಚೆಂಡು ಗೋಲಿನ ಮೇಲಿಂದ ಹಾರಿತು. ಸೋತೆವು. ಮಾರನೇ ದಿನ ಹೋಟೆಲಣ್ಣ ಮುಂಬೈ ಬಸ್ಸು ಹತ್ತಿದ. ಅವತ್ತು ನಿಂತ ಮಾತು, ಅವನು ಊರಿಗೇ ಬಂದು ಹೋಟೆಲಿಟ್ಟ ಮೇಲೂ ಶುರುವಾಗಲಿಲ್ಲ. ಇಬ್ಬರ ತಲೆಯೂ ಬೆಳ್ಳಗಾಯಿತು.

ಬಸ್ಸಿನಲ್ಲಿ ಕುಂಬಳಕಾಯಿ

ಬಸ್ರೂರು ಕಡೆಯ ಬಸ್ಸು. ಡ್ರೈವರ್ ಹೋಟೆಲಣ್ಣನ ಪಕ್ಷ, ಕಂಡಕ್ಟರ್ ದೋಣಿಯಣ್ಣನ ಪಕ್ಷ. ಟಿಕೆಟ್ ಹರಿಯುತ್ತಲೇ ಕಂಡಕ್ಟರ್ ಹಿಂದಿನಿಂದ ಕೂಗಿದ: "ದೋಣಿಯಣ್ಣನ ಕಾಲಿಗೆ ಚೆಂಡ್ ಸಿಕ್ರೆ ಅಂಟ್ ಹಾಕ್ದಾಂಗೆ ಇರ್ತಿತ್!"

ಡ್ರೈವರ್ ತಿರುಗಿಯೂ ನೋಡದೆ ಹೇಳಿದ: "ಅದೇ ಅವ್ನ್ ರೋಗ. ಅಂಟ್ಕಂಡದ್ ಬಿಡ್ತಿರ್ಲಿಲ್ಲ. ಪಾಸ್ ಕೊಟ್ಟ್ ಗೊತ್ತಿತ್ತಾ ಅವ್ನಿಗೆ?"

ಅಷ್ಟರಲ್ಲಿ ದಾರಿಗೆ ನಾಯಿ ಅಡ್ಡ ಬಂತು. ಬ್ರೇಕ್ ಬಿತ್ತು. ಹಿಂದಿನ ಸೀಟಿನ ಹೆಂಗಸಿನ ಕುಂಬಳಕಾಯಿ ಚೀಲದಿಂದ ಹಾರಿ, ನಿಂತವರ ಕಾಲುಗಳ ನಡುವೆ ಒಂದಕ್ಕೂ ತಾಗದೆ ಉರುಳಿ ಉರುಳಿ, ಸೀದಾ ಡ್ರೈವರನ ಪಕ್ಕ ಬಂದು ನಿಂತಿತು.

ಡ್ರೈವರ್ ಎದ್ದೇ ನಿಂತ. "ಕಾಣ್! ಪಾಸ್ ಅಂದ್ರೆ ಇದ್! ನಿನ್ ದೋಣಿಯವ ಜನ್ಮದಲ್ಲಿ ಹೀಂಗೊಂದ್ ಕೊಟ್ಟಿದ್ನಾ?"

ಬಸ್ಸು ಎರಡು ಪಾಲಾಯಿತು. ಬೊಬ್ಬೆಯೋ ಬೊಬ್ಬೆ. ಆ ಹೆಂಗಸು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ಹೇಳಿದಳು: "ಹ್ವಾಯ್, ಯಾರ್ ದೊಡ್ಡವ ಆದ್ರೂ ಅಡ್ಡಿಲ್ಲೆ, ಕುಂಬ್ಳಕಾಯಿ ನಂದ್."

ಮೂರನೇ ಹೆಸರು

ಒಂದು ಸಲ ಕ್ಲಬ್ಬಿನ ಜಗಲಿಯಲ್ಲಿ ಮಾತು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಮೂಲೆಯಲ್ಲಿ ಎಲೆ ಜಗಿಯುತ್ತಿದ್ದ ಅಜ್ಜ ಒಬ್ಬರು ಕೈ ಎತ್ತಿದರು.

"ಇಬ್ರೂ ಅಲ್ಲ ಮಾರ್ರೆ. ನಮ್ ಕ್ಲಬ್ಬಿನ್ ದೊಡ್ಡ ಮಿಡ್‌ಫೀಲ್ಡರ್ ಅಂದ್ರೆ ಆ ಕಪ್ಪ್ ದನ."

ಬ್ರಹ್ಮಾವರದ ಕಡೆಯ ತಂಡ ನಮ್ಮಲ್ಲಿಗೆ ಆಡಲು ಬಂದಾಗ ಊರಿನ ದನವೊಂದು ಮೈದಾನದ ನಡುವೆ ಹುಲ್ಲು ಮೇಯುತ್ತಿತ್ತಂತೆ. ಎಬ್ಬಿ ಓಡಿಸಿದರೂ ಹೋಗಲಿಲ್ಲ. ಅದು ಅಲ್ಲೇ ಇರಲಿ ಎಂದು ಆಟ ಶುರು ಮಾಡಿದರಂತೆ. ಬ್ರಹ್ಮಾವರದವರು ಕೊಟ್ಟ ಪಾಸೆಲ್ಲ ಅದರ ಹೊಟ್ಟೆಗೆ ತಾಗಿ ನಮ್ಮವರ ಕಾಲಿಗೇ ಬರುತ್ತಿತ್ತಂತೆ. "ಒಂದ್ ಹೆಜ್ಜೆ ಸುಮ್ನೆ ಓಡ್ಲಿಲ್ಲ. ಜಾಗ ಬಿಡ್ಲಿಲ್ಲ. ರೆಫ್ರಿ ಹತ್ರ ಒಂದ್ ಮಾತ್ ಎದುರ್ ಹೇಳ್ಲಿಲ್ಲ. ಇವ್ರಿಬ್ರಿಗೆ ಆ ಬುದ್ಧಿ ಇತ್ತಾ?"

ಬ್ರಹ್ಮಾವರದ ಕ್ಯಾಪ್ಟನ್ ಸಿಟ್ಟಿನಲ್ಲಿ ರೆಫರಿಗೆ ದೂರು ಕೊಟ್ಟನಂತೆ. ರೆಫರಿ ದನದ ಹಿಂದೆ ಮುಂದೆ ನೋಡಿ ಹೇಳಿದರಂತೆ: "ಬೆನ್ನಿಗೆ ನಂಬ್ರ ಇಲ್ಲೆ. ಯಾರ್ ಹೆಸ್ರಿಗೆ ಫೌಲ್ ಬರೂದ್?"

ಹುಳಿ ಜಾಸ್ತಿ

ಹೋಟೆಲಣ್ಣನಿಗೆ ಮೀನು ಬೇಕು. ಊರಲ್ಲಿ ಒಳ್ಳೆ ಮೀನು ದೋಣಿಯಣ್ಣನದ್ದೇ. ಹಾಗಾಗಿ ನಿತ್ಯ ಬೆಳಿಗ್ಗೆ ಹೋಟೆಲಿನ ಹಿಂಬಾಗಿಲಲ್ಲಿ ಇಬ್ಬರೂ ಎದುರುಬದುರು, ನಡುವೆ ರಿಕ್ಷಾದಿಂದ ಮೀನಿನ ಬುಟ್ಟಿ ಇಳಿಸಿದ ನಾನು.

"ಅವ್ನಿಗ್ ಹೇಳ್, ಇವತ್ತಿನ್ ಬಂಗ್ಡಿ ಸಣ್ಣದ್."

"ಅವ್ನಿಗ್ ಹೇಳ್, ಕಡಲ್ ನನ್ ಮಾತ್ ಕೇಳ್ತಿಲ್ಲೆ."

ನಾನು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಕೇಳಿಯಾಗಿರುತ್ತದೆ. ಆದರೂ ನಾನು ಹೇಳಲೇಬೇಕು. ಹೇಳದಿದ್ದರೆ ಉತ್ತರ ಬರುವುದಿಲ್ಲ.

ಮೊನ್ನೆ ಮಳೆಗಾಲದ ಮೊದಲಿಗೆ ದೋಣಿಯಣ್ಣನ ಮಂಡಿಗೆ ಆಪರೇಷನ್ ಆಯಿತು. ಹೋಟೆಲಣ್ಣ ನನ್ನ ಕೈಗೆ ಗಂಜಿಯ ಕ್ಯಾರಿಯರ್ ಕೊಟ್ಟ, ಜತೆಗೆ ಒಣ ಸಿಗಡಿ ಚಟ್ನಿ. "ಕ್ಲಬ್ಬಿನವ್ರ್ ಕಳ್ಸಿದ್ ಅಂತ ಹೇಳ್."

ಆಸ್ಪತ್ರೆಯಲ್ಲಿ ದೋಣಿಯಣ್ಣ ಚಟ್ನಿಯನ್ನು ನಾಲಿಗೆಗೆ ಇಟ್ಟು ನೋಡಿದ. "ಕ್ಲಬ್ಬಿನವ್ರಿಗೆ ಯಾವಾಗ ಅಡ್ಗಿ ಬಂತ್? ಹುಳಿ ಜಾಸ್ತಿ ಅಂತ ಅವ್ನಿಗ್ ಹೇಳ್."

ಹೇಳಿದೆ. ಹೋಟೆಲಣ್ಣ ಸೌಟು ಕೆಳಗಿಟ್ಟು ಕೇಳಿದ: "ತಿಂದ್ನಾ?"

"ಬಟ್ಲ್ ನೆಕ್ಕಿದ್ರ್ ಅಣ್ಣ."

"ಹಾಂಗಾರೆ ನಾಳೆಯೂ ಹುಳಿ ಜಾಸ್ತಿಯೇ ಹಾಕ್ತೆ."

ಇಷ್ಟಿದ್ದವರು ಮಾತಾಡಿಬಿಡಬಾರದೇ ಎಂದರೆ, ಇಬ್ಬರದ್ದೂ ಒಂದೇ ಹಾಡು: "ಮೊದ್ಲ್ ಅವ ಮಾತಾಡ್ಲಿ."

ಮಧ್ಯರಂಗ ಕಾಳಗ

ಕ್ಲಬ್ಬಿನ ಹಳೇ ಗೋಲ್‌ಕೀಪರ್ ಈಗ ಯಕ್ಷಗಾನದ ಪದ ಹಾಡುವ ಭಾಗವತರು. ಆಪರೇಷನ್ ಸುದ್ದಿ ಕೇಳಿದ ಮೇಲೆ ಅವರಿಗೆ ಒಂದೇ ಚಿಂತೆ. "ಇಬ್ರಲ್ಲಿ ಒಬ್ಬ ಹೋದ್ರೆ, ಮತ್ತೊಬ್ಬ ಯಾರ್ ಹತ್ರ ಮಾತ್ ಬಿಡೂದ್ ಮಾರಾಯ?" ಎಂದರು ನನ್ನ ಹತ್ತಿರ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಕೋಣೆಯಲ್ಲಿ ತಾಳಮದ್ದಳೆ ಇಟ್ಟರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ಪ್ರಸಂಗ ಅವರೇ ಕಟ್ಟಿದ್ದು, 'ಮಧ್ಯರಂಗ ಕಾಳಗ'. ಅತಿ ದೊಡ್ಡ ಮಿಡ್‌ಫೀಲ್ಡರ್ ಯಾರೆಂದು ಅವತ್ತು ತೀರ್ಮಾನ. ಎರಡೂ ಪಕ್ಷದವರು ಒದ್ದೆ ಕೊಡೆ ಸಮೇತ ಬಂದು ತುಂಬಿಕೊಂಡರು. ದೋಣಿಯಣ್ಣ ಕೋಲೂರಿಕೊಂಡು ಬಂದ. ಹೋಟೆಲಣ್ಣ ಹೋಟೆಲು ಮುಚ್ಚಿ ಬಂದ.

ಆಗ ಭಾಗವತರು ಪಾತ್ರ ಹಂಚಿದರು: ದೋಣಿಯಣ್ಣನಿಗೆ ಹೋಟೆಲಣ್ಣನ ಪಾತ್ರ, ಹೋಟೆಲಣ್ಣನಿಗೆ ದೋಣಿಯಣ್ಣನ ಪಾತ್ರ.

"ಆಪುದಲ್ಲ!" ಎಂದರು ಇಬ್ಬರೂ. ಆದರೆ ಭಾಗವತರು ಪದ ಎತ್ತಿಯಾಗಿತ್ತು, ಮದ್ದಳೆ ಬಿದ್ದಾಗಿತ್ತು. ಅಷ್ಟು ಜನರೆದುರು ಕೊಟ್ಟ ಪಾತ್ರ ಬಿಟ್ಟು ಏಳುವುದು ಮರ್ಯಾದೆಯೇ? ಕೂತರು.

ದೋಣಿಯಣ್ಣ ಗಂಟಲು ಸರಿಮಾಡಿಕೊಂಡು, ಹೋಟೆಲಣ್ಣನಾಗಿ ಮಾತೆತ್ತಿದ: "ಎಲವೋ ದೋಣಿಯ ಒಡೆಯನೇ! ಬಲಪಾರ್ಶ್ವದಲ್ಲಿ ಏಕಾಂಗಿಯಾಗಿ ನಿಂತು ಕೈಯೆತ್ತಿ ಕರೆದೆನಲ್ಲಾ! ನನ್ನಂಥ ಆಟಗಾರ ಈ ಸೀಮೆಯಲ್ಲಿ ಇನ್ನೊಬ್ಬನಿದ್ದನೇ? ಚೆಂಡು ನನ್ನ ಕಾಲಿಗೆ ಬಂದಿದ್ದರೆ ಜಯ ನಮ್ಮದಾಗುತ್ತಿತ್ತು. ಕೊಡಲಿಲ್ಲವೇಕೆ? ಹೇಳು!"

ಈಗ ದೋಣಿಯಣ್ಣನಾಗಿ ಉತ್ತರ ಕೊಡಬೇಕಾದವನು ಹೋಟೆಲಣ್ಣ. ಇಷ್ಟು ವರ್ಷ ತಾನೇ ಕೇಳಬೇಕೆಂದಿದ್ದ ಪ್ರಶ್ನೆಗೆ ಈಗ ತಾನೇ ಉತ್ತರ ಹುಡುಕಬೇಕು. ಅವನು ತಲೆ ಎತ್ತಿದ. ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು.

"ಅಯ್ಯಾ ಮಿತ್ರನೇ," ಎಂದ ಮೆಲ್ಲಗೆ. "ಅಂದೂ ಇಂಥದ್ದೇ ಮಳೆ. ಕಣ್ಣಿಗೆ ಹನಿ ಹೊಡೆಯುತ್ತಿತ್ತು, ನೀನು ಕಾಣಲಿಲ್ಲ. ಜನರ ಬೊಬ್ಬೆಯಲ್ಲಿ ನಿನ್ನ ಕೂಗು ಕೇಳಲಿಲ್ಲ. ಕೇಳಿದ್ದರೆ, ನಿನಗಲ್ಲದೆ ಇನ್ಯಾರಿಗೆ ಕೊಡುತ್ತಿದ್ದೆ?"

ದೋಣಿಯಣ್ಣ ಪಾತ್ರ ಮರೆತ. ಕೋಲು ಬಿಸಾಡಿ ಕೂಗಿದ: "ಹೌದ್ ಮಾರಾಯ! ಅದೇ! ಅದನ್ನೇ ನಾನ್ ಇಷ್ಟ್ ವರ್ಷ ಹೇಳುಕ್ ಹೊರ್ಟದ್!"

"ಎಲ್ ಹೇಳ್ದೆ ನೀನ್? ಬಾಯೇ ಬಿಡ್ಲಿಲ್ಲ!"

"ನೀನ್ ಬಸ್ ಹತ್ತಿ ಹೋದ್ರೆ ನಾನ್ ಯಾರಿಗ್ ಹೇಳೂದ್? ಬಸ್ಸಿನ್ ಹೊಗೆಗಾ?"

ಅಲ್ಲಿಂದ ಶುರುವಾಯಿತು. ಭಾಗವತರು ಮಂಗಳ ಹಾಡಿದರು, ಅವರಿಗೆ ಕೇಳಲಿಲ್ಲ. ಮದ್ದಳೆಯವರು ಮದ್ದಳೆ ಕಟ್ಟಿದರು, ಅವರಿಗೆ ಕಾಣಲಿಲ್ಲ. ಚಾಪೆ ಮಡಚುತ್ತ ಬಂದವರು ಅವರ ಸುತ್ತ ಮಡಚಿ ನಿಂತರು. ಅದೇ ಚಾಪೆಯ ತುಂಡಿನ ಮೇಲೆ ಅವರು ಸೈಕಲ್ಲು, ಮುಂಬೈ, ಮಂಡಿ, ಮಗಳ ಮದುವೆ, ಒಂದೂ ಬಿಡದೆ ಮಾತಾಡುತ್ತಿದ್ದರು.

ಇಡೀ ಮಧ್ಯಾಹ್ನ ಕಾದ ಬಸ್ ಡ್ರೈವರನಿಗೆ ತಡೆಯಲಾಗಲಿಲ್ಲ. "ಅಣ್ಣ, ಅದೆಲ್ಲ ಸೈ. ಕಡೆಗೆ ದೊಡ್ಡ ಮಿಡ್‌ಫೀಲ್ಡರ್ ಯಾರ್ ಅಂತ ಆಯ್ತ್?"

ಇಬ್ಬರೂ ಒಟ್ಟಿಗೇ ತಿರುಗಿ ಗದರಿದರು:

"ಹ್ವಾಯ್, ನಿಮ್ಗೆ ಫುಟ್‌ಬಾಲ್ ಬಿಟ್ರೆ ಬೇರೆ ಎಂತದೂ ಕೆಲ್ಸ ಇಲ್ಯಾ?"